ಸದಕಾದ ರಜಾಯಿ

ಭಾನುವಾರ, ೧೪ ಡಿಸೆಂಬರ್

ತಮ್ಮನಿಗೆ ಅಕ್ಕನ ಸಲಾಂ.

‘ಪ್ರೀತಿಯ’ ಎಂಬ ಮಾತನ್ನು ಬೇಕೆಂದೇ ಬಿಟ್ಟಿದ್ದೇನೆ, ಮರೆತು ಅಲ್ಲ. ಕಾಗದ ಬರೆಯಲು ಇಷ್ಟು ವರ್ಷ ತಡ ಮಾಡಿದ್ದಕ್ಕೆ ಕ್ಷಮೆ ಕೇಳಬೇಕಿತ್ತು, ಅದನ್ನೂ ಕೇಳುವುದಿಲ್ಲ. ನೀನು ಆರೋಗ್ಯವಾಗಿದ್ದೀಯೆಂದು ನಂಬಿದ್ದೇನೆ ಅಂತ ಬರೆಯುವುದು ವಾಡಿಕೆ. ನೀನು ಆರೋಗ್ಯವಾಗಿಲ್ಲವೆಂದು ನನಗೆ ಗೊತ್ತಾಗಿದೆ. ಹಾಗಾಗಿ ಸುತ್ತಿ ಬಳಸದೆ ಕೇಳುತ್ತೇನೆ: ನನ್ನನ್ನು ಬಡಬಗ್ಗರ ಸಾಲಿಗೆ ಸೇರಿಸು ಎಂದು ನಿನಗೆ ಹೇಳಿದವರು ಯಾರು?

ಹೋದ ವಾರದ ಶುಕ್ರವಾರ ನಾನು ಆಸ್ಪತ್ರೆಯ ಲಾಂಡ್ರಿಯಿಂದ ಆಗಷ್ಟೇ ಬಂದು ಬಾಗಿಲ ಹತ್ತಿರ ಕಾಲು ಚಾಚಿ ಕೂತಿದ್ದೆ. ಬೆಳಗಿನಿಂದ ವಾರ್ಡಿನ ಹೊದಿಕೆಗಳನ್ನು ಇಸ್ತ್ರಿ ಮಾಡಿ ಭುಜ ಬಿದ್ದು ಹೋಗಿತ್ತು. ಗಲ್ಲಿಯ ಬಾಯಿಗೆ ಒಂದು ಆಟೋ ಬಂದು ನಿಂತಿತು. ಅದರಿಂದ ಅಜಾನ್ ಚಾಚಾ ಇಳಿದರು. ನಮ್ಮ ಮಸೀದಿಯಲ್ಲಿ ಅಜಾನ್ ಕೂಗುವ ಮುದುಕರು, ನಿನಗೆ ಗೊತ್ತಿಲ್ಲದವರೇನಲ್ಲ. ಚಿಕ್ಕಂದಿನಲ್ಲಿ ನೀನು ಅವರ ದನಿ ಅಣಕಿಸಿ ಅಪ್ಪನ ಕೈಲಿ ಏಟು ತಿಂದಿದ್ದೀಯ. ಅವರ ಕಂಕುಳಲ್ಲಿ ಒಂದು ದೊಡ್ಡ ಗಂಟು. ಹೊಸ್ತಿಲ ಹೊರಗೇ ನಿಂತು, ನನ್ನ ಮುಖ ಬಿಟ್ಟು ಗೋಡೆ ನೋಡುತ್ತ ಹೇಳಿದರು:

“ಒಬ್ರಿಗೆ ಹುಷಾರಿಲ್ಲಮ್ಮ. ಶಿಫಾ ಆಗ್ಲಿ, ಕಾಯಿಲೆ ವಾಸಿಯಾಗ್ಲಿ ಅಂತ ಇಲ್ಲದವರಿಗೆ ಸದಕಾ ಕೊಡ್ತಿದಾರೆ. ಇದನ್ನ ಇಟ್ಕೊಂಡು ಅವರಿಗೋಸ್ಕರ ದುವಾ ಮಾಡು. ಹೆಸರು ಮಾತ್ರ ಹೇಳಬೇಡಿ ಅಂದಿದಾರೆ.”

ಏನು ಕಾಯಿಲೆ ಎಂದು ಕೇಳಿದೆ. ಎದೆ ಎಂದರು. ಅಷ್ಟರಲ್ಲಿ ಆಟೋದೊಳಗಿಂದ ಯಾರೋ ಕೆಮ್ಮುವುದು ಕೇಳಿಸಿತು, ನಿಲ್ಲಿಸಲು ಆಗದ ಕೆಮ್ಮು. ಪಾಪ, ಯಾರೋ ಅವರ ಜೊತೆಗೆ ಬಂದವರಿರಬೇಕು ಎಂದುಕೊಂಡು ಒಂದು ಲೋಟ ನೀರು ಕೊಟ್ಟು ಕಳಿಸಿದೆ. ಚಾಚಾ ಲೋಟ ವಾಪಸು ತಂದುಕೊಟ್ಟು, ನಾನು ಇನ್ನೊಂದು ಮಾತು ಕೇಳುವ ಮೊದಲೇ ಹೊರಟು ಬಿಟ್ಟರು.

ಗಂಟು ಬಿಚ್ಚಿದೆ. ರಜಾಯಿ. ಹೊಸ ಹತ್ತಿ ತುಂಬಿದ, ನೀಲಿ ಬಟ್ಟೆಯ, ಒಳ್ಳೆಯ ರಜಾಯಿ. ಸುಳ್ಳೇಕೆ ಹೇಳಲಿ, ಖುಷಿಯಾಯಿತು. ನನ್ನ ಹೊದಿಕೆ ಎರಡು ಚಳಿಗಾಲದಿಂದ ಹರಿದು ಚಿಂದಿಯಾಗಿದೆ. ಕೊಟ್ಟವರ ಹೊಟ್ಟೆ ತಣ್ಣಗಿರಲಿ ಎಂದುಕೊಂಡೆ. ನಮಾಜಿಗೆ ನಿಂತು, ಹೆಸರು ಗೊತ್ತಿಲ್ಲದ ಆ ರೋಗಿಗಾಗಿ ಕೈ ಎತ್ತಿ ಬೇಡಿಕೊಂಡೆ. ಅವರ ಎದೆ ಹಗುರಾಗಲಿ, ಅವರ ಮನೆಯವರ ಕಣ್ಣಲ್ಲಿ ನೀರು ಬಾರದಿರಲಿ ಅಂತ. ಯಾರೋ ಅಪರಿಚಿತರು ಎಂದುಕೊಂಡು ಬೇಡಿದ್ದು. ನೀನೆಂದು ಗೊತ್ತಿದ್ದರೆ ಕೈ ಮೇಲೆ ಏಳುತ್ತಿರಲಿಲ್ಲ.

ಆಮೇಲೆ ಹೊದ್ದು ಮಲಗಿದೆ. ಹತ್ತಿಯ ರಜಾಯಿ ಕೈಗೆ ಬಂದರೆ ಗಾದಿ ಅಂಗಡಿಯ ಮಕ್ಕಳಾದ ನಾವು ಏನು ಮಾಡುತ್ತೇವೆಂದು ನಿನಗೆ ಗೊತ್ತು. ಕೈ ತಾನಾಗಿಯೇ ಮೂಲೆ ಹುಡುಕುತ್ತದೆ. ಮೂರು ಮೂಲೆ ಎಲ್ಲರ ಹಾಗೆ ಇದ್ದವು. ನಾಲ್ಕನೆಯದರಲ್ಲಿ ಗಂಟು ಕೈಗೆ ಸಿಗಲಿಲ್ಲ. ದಾರವನ್ನು ಎರಡು ಸಲ ಹಿಂದಕ್ಕೆ ತಿರುಗಿಸಿ, ಗಂಟನ್ನು ಹತ್ತಿಯ ಒಳಗೆ ಇಳಿಸಿ, ಮೇಲೆ ಏನೂ ಇಲ್ಲದಂತೆ ಮುಗಿಸಿದ್ದರು. ಮಲಗಿದವರ ಕೆನ್ನೆಗೆ ಗಂಟು ಚುಚ್ಚಬಾರದು ಎಂದು ಅಪ್ಪ ಹಾಗೆ ಹೊಲಿಯುತ್ತಿದ್ದರು. ಈ ಊರಿನ ಇನ್ಯಾವ ಗಾದಿ ಅಂಗಡಿಯವರಿಗೂ ಅಷ್ಟು ತಾಳ್ಮೆ ಇಲ್ಲ. ಅಪ್ಪ ಅದನ್ನು ನನಗೆ ಕಲಿಸಿದರು, ನಾನು ನಿನಗೆ ಕಲಿಸಿದೆ. ಇವತ್ತಿಗೆ ಆ ಗಂಟು ಬಲ್ಲವರು ಇಬ್ಬರೇ. ನಾನಂತೂ ಅದನ್ನು ಹೊಲಿದಿರಲಿಲ್ಲ.

ಎದ್ದು ದೀಪ ಹಾಕಿ ರಜಾಯಿಯನ್ನು ನೆಲದ ಮೇಲೆ ಹಾಸಿ ನೋಡಿದೆ. ಮೊದಲ ಸಾಲುಗಳ ಹೊಲಿಗೆ ನಿನ್ನದೇ, ಬಿಗಿ, ನೇರ. ನಡುವೆ ಬರುತ್ತ ಬರುತ್ತ ಸಾಲು ಅಡ್ಡಾದಿಡ್ಡಿ. ಎಲ್ಲೆಂದರಲ್ಲಿ ದಾರ ಕತ್ತರಿಸಿ ಮತ್ತೆ ಹಿಡಿದಿದ್ದೀಯ. ಸೂಜಿ ಕೆಳಗಿಟ್ಟು ಕೆಮ್ಮಿ, ಉಸಿರು ಬಂದ ಮೇಲೆ ಮತ್ತೆ ಎತ್ತಿಕೊಂಡವನ ಹೊಲಿಗೆ ಅದು. ಅಪ್ಪನ ಕೊನೆಯ ವರ್ಷದ ರಜಾಯಿಗಳು ಹೀಗೇ ಇದ್ದವು. ಆ ಹತ್ತಿಯ ಧೂಳು ಅಪ್ಪನ ಎದೆ ತಿಂದದ್ದನ್ನು ನೀನೂ ನೋಡಿದ್ದೀಯ, ನಾನೂ ನೋಡಿದ್ದೇನೆ. ಕೂತಲ್ಲೇ ಕೂತು, ದಿಂಬು ತಬ್ಬಿಕೊಂಡು, ಉಸಿರಿಗೆ ಬೇಡುವ ಹಾಗೆ ಬಾಯಿ ತೆರೆದು.

ಮಾರನೆಯ ದಿನ ರಜಾಯಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮಸೀದಿಯ ಗೇಟಿನ ಹತ್ತಿರ ಹೋಗಿ ನಿಂತೆ. ಚಾಚಾ ನನ್ನನ್ನು ಕಂಡದ್ದೇ ತಪ್ಪಿಸಿಕೊಳ್ಳಲು ನೋಡಿದರು. ಅಜಾನ್ ಕೂಗುವ ಬಾಯಲ್ಲಿ ಸುಳ್ಳು ಹೇಳಬೇಡಿ ಎಂದೆ. ಪಾಪ, ಮುದುಕರು ಸೋತರು. ಒಂದೊಂದಾಗಿ ಎಲ್ಲ ಹೇಳಿದರು. ಬೇಸಿಗೆಯಿಂದ ಕೆಮ್ಮುತ್ತಿದ್ದೀಯಂತೆ. ಮೆಟ್ಟಿಲು ಹತ್ತಲಾರೆಯಂತೆ. ನಿನ್ನ ಹೆಂಡತಿ ಕೈಮುಗಿದರೂ ಆಸ್ಪತ್ರೆಗೆ ಹೋಗುವುದಿಲ್ಲವಂತೆ. ರೋಗಕ್ಕೆ ಸದಕಾ ಮದ್ದು ಎಂದು ಮಸೀದಿಯ ಹಜರತರು ಶುಕ್ರವಾರದ ಪ್ರವಚನದಲ್ಲಿ ಹೇಳಿದ್ದಾರೆ, ನನಗೆ ಅದೇ ಸಾಕು ಎನ್ನುತ್ತೀಯಂತೆ.

ಅರ್ಧ ಪ್ರವಚನ ಕೇಳಿ ಎದ್ದು ಬಂದೆಯಾ? ಹಜರತರ ಆ ಪ್ರವಚನ ಲೌಡ್‌ಸ್ಪೀಕರಿನಲ್ಲಿ ನಮ್ಮ ಗಲ್ಲಿಗೂ ಕೇಳಿಸಿತ್ತು. ಸದಕಾ ಬರುವ ಕೇಡನ್ನು ತಪ್ಪಿಸುತ್ತದೆ, ರೋಗಿಗಳ ಹೆಸರಿನಲ್ಲಿ ಕೊಡಿ ಎಂದರು, ನಿಜ. ಕಾಯಿಲೆ ಇಳಿಸಿದ ಅಲ್ಲಾಹನೇ ಔಷಧಿಯನ್ನೂ ಇಳಿಸಿದ್ದಾನೆ, ಅದನ್ನೂ ಹುಡುಕಿಕೊಂಡು ಹೋಗಿ ಎಂದೂ ಹೇಳಿದರು. ಸದಕಾದ ಮೇಲೆ ನನಗೆ ನಂಬಿಕೆ ಇಲ್ಲ ಎಂದುಕೊಳ್ಳಬೇಡ. ನಿನಗಿಂತ ಹೆಚ್ಚೇ ಇದೆ. ಅಮ್ಮ ಟೈಫಾಯಿಡಿನಲ್ಲಿ ಬಿದ್ದಿದ್ದಾಗ ನಾನು ನನ್ನ ಕಿವಿಯ ಓಲೆ ತೆಗೆದು ಕೊಟ್ಟವಳು. ಆದರೆ ಅವತ್ತು ಒಂದು ಕೈಯಲ್ಲಿ ಓಲೆ ಕೊಟ್ಟೆ, ಇನ್ನೊಂದು ಕೈಯಲ್ಲಿ ಅಮ್ಮನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ನೀನು ದೇವರ ಮೇಲೆ ಭಾರ ಹಾಕಿಲ್ಲ. ದೇವರ ಬೆನ್ನ ಹಿಂದೆ ಅಡಗಿಕೊಂಡಿದ್ದೀಯ. ಚಿಕ್ಕವನಿದ್ದಾಗ ತಪ್ಪು ಮಾಡಿ ಅಂಗಡಿಯ ಹತ್ತಿ ರಾಶಿಯಲ್ಲಿ ಅಡಗಿ ಕೂರುತ್ತಿದ್ದೆ, ಆಮೇಲೆ ನೀನೇ ಸೀನಿ ಸಿಕ್ಕಿಬೀಳುತ್ತಿದ್ದೆ. ಬುದ್ಧಿ ಅಲ್ಲಿಗೇ ನಿಂತಿದೆ.

ನಿಜವಾದ ಕಾರಣವನ್ನೂ ಚಾಚಾರಿಂದ ಹೊರಡಿಸಿದೆ. ಈ ಊರಿನಲ್ಲಿ ಎದೆಯ ವಾರ್ಡು ಇರುವುದು ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಮಾತ್ರ. ‘ಅಲ್ಲಿ ಅಕ್ಕ ಇದಾಳೆ. ಯಾವ ಮುಖ ಇಟ್ಕೊಂಡು ಹೋಗ್ಲಿ’ ಅಂದೆಯಂತೆ.

ಇರುವ ಮುಖವನ್ನೇ ಇಟ್ಟುಕೊಂಡು ಬರಬೇಕಿತ್ತು. ಬೇರೆ ಯಾವುದಿದೆ ನಿನಗೆ?

ಆ ಮುಖ ತೋರಿಸಲು ಯಾಕೆ ನಾಚಿಕೆ ಎಂದು ನಿನಗೆ ನೆನಪಿದೆಯೋ ಇಲ್ಲವೋ, ನನಗಂತೂ ಇದೆ. ನಿನ್ನ ಭಾವ ತೀರಿಕೊಂಡ ಮೇಲೆ ನಾನು ಅಪ್ಪನ ಅಂಗಡಿಗೆ ಬಂದು ನಿಂತು ಕೇಳಿದ್ದು ಒಂದೇ, ನನಗೂ ಒಂದು ಸೂಜಿ ಕೊಡು, ಹಿಂದಿನ ಕೋಣೆಯಲ್ಲಿ ಕೂತು ಹೊಲಿಯುತ್ತೇನೆ ಅಂತ. ಗಿರಾಕಿಗಳು ಕೂತಿದ್ದರು. ಅವರೆಲ್ಲರ ಮುಂದೆ ನೀನು ಹೇಳಿದೆ: “ಅಕ್ಕನ್ನ ದುಡಿಸ್ಕೊಂಡು ತಿಂತಾನೆ ಅಂತ ಜನ ಅಂತಾರೆ. ನೀನು ಮನೇಲಿರು. ನಿನ್ನ ಕೈಲಾಗದೇ ಇದ್ದಾಗ ನಾನು ಏನಾದ್ರೂ ಕಳಿಸ್ತೀನಿ.”

ನನ್ನ ಕೈಲಾಗದೇ ಇದ್ದಾಗ! ನಿನ್ನ ಬೆರಳಿಗೆ ಸೂಜಿ ಹಿಡಿಯಲು ಕಲಿಸಿದ ಕೈ ಅದು. ನಾನು ಕೆಲಸ ಕೇಳಿದೆ, ನೀನು ಭಿಕ್ಷೆ ಕೊಡಲು ಬಂದೆ. ಹಿಂತಿರುಗಿ ನೋಡದೆ ಬಂದವಳು ಲಾಂಡ್ರಿಯಲ್ಲಿ ಕೆಲಸ ಹಿಡಿದೆ, ಅವತ್ತಿನಿಂದ ನಿನ್ನ ಹೆಸರೆತ್ತಿಲ್ಲ. ತಮ್ಮ ಇದ್ದಾನಾ ಎಂದು ಯಾರಾದರೂ ಕೇಳಿದರೆ ಇಲ್ಲ ಎಂದಿದ್ದೇನೆ. ಈಗ ನೋಡು, ಇಷ್ಟು ವರ್ಷದ ಮೇಲೆ, ಮತ್ತೆ ಅದೇ. ಸೂಜಿ ನಿನ್ನ ಕೈಯಲ್ಲಿ, ರಜಾಯಿ ನನ್ನ ಮೈಮೇಲೆ.

ಸದಕಾ ಮೊದಲು ರಕ್ತ ಸಂಬಂಧಿಗಳಿಗೆ ಸಲ್ಲಬೇಕು, ಅದಕ್ಕೆ ಎರಡು ಪಟ್ಟು ಪುಣ್ಯ ಎಂದು ಚಾಚಾ ನಿನ್ನ ಪರ ವಕಾಲತ್ತು ಮಾಡಿದರು. ಆ ಎರಡು ಯಾವುವು ಎಂದು ನಾನೇ ಅವರಿಗೆ ನೆನಪಿಸಿದೆ. ಒಂದು ಕೊಟ್ಟದ್ದರದು, ಇನ್ನೊಂದು ಸಂಬಂಧ ಉಳಿಸಿಕೊಂಡದ್ದರದು. ನೀನು ಒಂದನ್ನು ಕಳಿಸಿ ಇನ್ನೊಂದನ್ನು ಮನೆಯಲ್ಲೇ ಇಟ್ಟುಕೊಂಡಿದ್ದೀಯ. ಮುದುಕರು ಗಡ್ಡ ನೀವಿಕೊಂಡರು. ಇನ್ನೊಂದು ಮಾತೂ ಇದೆ. ಕೊಟ್ಟು ನೋಯಿಸಿದರೆ ಕೊಟ್ಟದ್ದು ದಂಡವಾಗುತ್ತದೆ ಎಂದು ನಾವಿಬ್ಬರೂ ಒಂದೇ ಚಾಪೆಯ ಮೇಲೆ ಕೂತು ಪಾಠ ಹೇಳಿಸಿಕೊಂಡಿದ್ದೇವೆ. ಹಾಗೆ ನೋಡಿದರೆ ನಿನ್ನ ಈ ಮದ್ದು ನಿನಗೆ ತಾಗುವುದೇ ಇಲ್ಲ.

ಈ ಮಾತನ್ನು ಚಾಚಾರಿಗೂ ಸಿಟ್ಟಿನಲ್ಲಿ ಹೇಳಿ ಮನೆಗೆ ಬಂದೆ. ಬಂದ ಮೇಲೆ ನನಗೇ ಹೆದರಿಕೆಯಾಯಿತು. ನಾನು ನೊಂದುಕೊಂಡಿದ್ದರಿಂದ ನಿನಗೆ ಗುಣವಾಗದೆ ಹೋದರೆ? ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗೂ ಇಲ್ಲದಂತೆ ಕಟ್ಟಿಹಾಕಿದ್ದೀಯ. ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೇನಿದೆ?

ಹೀಗಾಗಿ ರಜಾಯಿಯನ್ನು ನಿನ್ನ ಅಂಗಡಿಯ ಮುಂದೆ ಎಸೆದು ಬರಬೇಕು ಎಂದುಕೊಂಡವಳು ಎಸೆಯಲಿಲ್ಲ. ಅಪ್ಪನ ಉದ್ದ ಸೂಜಿ ನನ್ನ ಹತ್ತಿರವೇ ಇದೆ, ನೀನು ಎಲ್ಲೆಲ್ಲೋ ಹುಡುಕಿರಬೇಕು. ನಡುವಿನ ಸಾಲುಗಳನ್ನೆಲ್ಲ ಬಿಚ್ಚಿದೆ. ಜರುಗಿದ ಹತ್ತಿಯನ್ನು ಮತ್ತೆ ಹರಡಿ, ಲಾಂಡ್ರಿಯಿಂದ ಬಂದು ದಿನಾ ಸಂಜೆ ಸ್ವಲ್ಪ ಸ್ವಲ್ಪ ಹೊಲಿದೆ. ನಿನ್ನ ಸಾಲು ಎಲ್ಲಿ ನಿಂತಿತು, ನನ್ನದು ಎಲ್ಲಿ ಶುರುವಾಯಿತು ಎಂದು ಈಗ ಯಾರಿಗೂ ಗೊತ್ತಾಗುವುದಿಲ್ಲ. ನಾಲ್ಕನೆಯ ಮೂಲೆಯನ್ನು ಮುಟ್ಟಲಿಲ್ಲ, ಅದು ಸರಿಯಾಗಿಯೇ ಇತ್ತು.

ಇವತ್ತು ಬೆಳಿಗ್ಗೆ ಅದನ್ನು ಆಸ್ಪತ್ರೆಗೆ ಒಯ್ದೆ. ಮಕ್ಕಳ ವಾರ್ಡಿನ ಹೊರಗೆ, ಬರೀ ನೆಲದ ಮೇಲೆ ಒಬ್ಬಳು ತಾಯಿ ವಾರದಿಂದ ಮುದುರಿಕೊಂಡು ಮಲಗುತ್ತಿದ್ದಾಳೆ. ಒಳಗೆ ಅವಳ ಮಗು. ಅವಳಿಗೆ ಕೊಟ್ಟೆ. ಒಬ್ಬರಿಗೆ ಎದೆಯ ಕಾಯಿಲೆ, ಅವರಿಗೋಸ್ಕರ ಬೇಡಿಕೋ ಎಂದೆ. ಚಾಚಾ ಥರ ಗೋಡೆ ನೋಡುತ್ತಲೇ ಹೇಳಿದೆ. ಅವಳು ರಜಾಯಿಯನ್ನು ಎದೆಗೆ ಒತ್ತಿಕೊಂಡು ಕೇಳಿದಳು, “ಯಾರಿಗೆ ಅಂತ ಬೇಡ್ಕೊಳ್ಳಲಿ?”

“ನನ್ನ ತಮ್ಮನಿಗೆ” ಎಂದೆ. ಬಾಯಿಗೆ ಅಭ್ಯಾಸ ತಪ್ಪಿ ಹೋಗಿತ್ತು, ಹೇಳುವುದು ಕಷ್ಟವಾಯಿತು.

ಅಲ್ಲಿಗೆ ನಿನ್ನ ಸದಕಾ ಸಂದಿತು. ಅರ್ಧ ಹೊಲಿಗೆ ನನ್ನದು. ಸೂಜಿ ಕೊಡುವುದಿಲ್ಲ ಎಂದೆಯಲ್ಲ, ಹೇಗಿದೆ ಈಗ?

ಇನ್ನು ಉಳಿದದ್ದು ಔಷಧಿ. ನಾಳೆ ಸೋಮವಾರ, ಎದೆಯ ಡಾಕ್ಟರು ಬೆಳಿಗ್ಗೆ ಕೂರುತ್ತಾರೆ. ಚೀಟಿ ಕೊಡುವ ಕಿಟಕಿಯವನಿಗೆ ಹೇಳಿಟ್ಟಿದ್ದೇನೆ. ಈ ಕಾಗದವನ್ನು ಚಾಚಾ ಇವತ್ತೇ ನಿನ್ನ ಕೈಗೆ ಕೊಡುತ್ತಾರೆ, ತಲುಪಲಿಲ್ಲ ಎಂದು ನೆಪ ಹೇಳಬೇಡ. ಹಿಂದಿನ ಗೇಟಿನಿಂದ ಬಂದರೆ ಮೆಟ್ಟಿಲಿಲ್ಲ, ಲಾಂಡ್ರಿಯ ಮುಂದೆ ಹಾದು ಬರಬೇಕು. ನನ್ನ ಜೊತೆ ಮಾತಾಡಬೇಕು ಅಂತೇನಿಲ್ಲ. ನಾನೂ ಮಾತಾಡಲು ಸಾಯುತ್ತಿಲ್ಲ. ನಿನ್ನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತಿರುತ್ತೇನೆ, ಅಷ್ಟೇ. ಊದಿದ ಮುಖ ಹೊತ್ತುಕೊಂಡೇ ಕೂರುತ್ತೇನೆ.

ನಿನ್ನ ಹೆಂಡತಿಗೆ ಸಲಾಂ ಹೇಳು. ಇಷ್ಟು ದಿನ ನಿನ್ನನ್ನು ತಾಳಿಕೊಂಡಿದ್ದಕ್ಕೆ ಅವಳಿಗೆ ಸ್ವರ್ಗ ಖಾತ್ರಿ. ಅಲ್ಲಾಹ್ ನಿನ್ನ ಎದೆಯಿಂದ ಆ ಧೂಳನ್ನೆಲ್ಲ ತೆಗೆಯಲಿ, ನಿನ್ನ ಉಸಿರಿಗೆ ದಾರಿ ಕೊಡಲಿ, ನನಗಿಂತ ಹೆಚ್ಚು ವರ್ಷ ಬದುಕಿ ನನ್ನ ಬೈಗುಳ ತಿನ್ನುವಂತೆ ಮಾಡಲಿ. ಆಮೀನ್.

ಇಂತಿ,
ಅಕ್ಕ

ಮರೆತ ಮಾತು: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನಾಲ್ಕನೆಯ ಮೂಲೆ ಕೈಗೆ ಸಿಕ್ಕ ಮೇಲೆ ನೀನೆಂದು ಗೊತ್ತಾಯಿತು ಎಂಬುದು ನಿಜವಲ್ಲ. ಅವತ್ತು ಚಾಚಾ ನೀರು ತೆಗೆದುಕೊಂಡು ಹೋದಾಗ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆಟೋದ ಪರದೆಯಿಂದ ಒಂದು ಕೈ ಮಾತ್ರ ಹೊರಗೆ ಬಂತು. ಲೋಟ ಹಿಡಿದ ಕೂಡಲೇ ಇನ್ನೊಂದು ಕೈ ಬಂದು ಲೋಟದ ಬಾಯಿ ಮುಚ್ಚಿತು. ಹತ್ತಿ ಹಾರಿ ನೀರಿಗೆ ಬೀಳುತ್ತದೆ ಎಂದು ಅಪ್ಪ ನಮ್ಮಿಬ್ಬರಿಗೂ ಬೈದು ಬೈದು ಕಲಿಸಿದ್ದು. ಹತ್ತಿಯೇ ಇಲ್ಲದ ನನ್ನ ಗಲ್ಲಿಯಲ್ಲಿ ನೀರಿಗೆ ಅಂಗೈ ಮುಚ್ಚುವವನು ನೀನಲ್ಲದೆ ಇನ್ಯಾರು? ದುವಾಕ್ಕೆ ಕೈ ಎತ್ತಿದಾಗ ಯಾರಿಗೆಂದು ಗೊತ್ತಿದ್ದೇ ಎತ್ತಿದೆ. ರಜಾಯಿ ಕಳಿಸಿದ್ದಕ್ಕೆ ನನಗೆ ನೋವಿಲ್ಲ. ನನ್ನ ಮನೆಯ ನೀರು ಕುಡಿದೂ ನೀನು ಕೆಳಗೆ ಇಳಿಯಲಿಲ್ಲ. ಆಟೋ ತಿರುಗುವವರೆಗೂ ಬಾಗಿಲು ತೆರೆದೇ ಇಟ್ಟಿದ್ದೆ. ಇನ್ನೊಂದು ಸಲ ಬಂದರೆ ಹೊರಗೆ ನೀರು ಕಳಿಸುವುದಿಲ್ಲ. ಬಾಯಾರಿದ್ದರೆ ಒಳಗೆ ಬಂದು ಕುಡಿ.