ಪ್ರೇಯರ್ ಮುಗಿದ ಮೇಲೆ ಡೆವಿಲ್‌ಡಮ್

ಜುಲೈ 7, ಸೋಮವಾರ

ಪ್ರೇಯರ್ ಮುಗೀತು. ಅಭ್ಯಾಸಬಲ, ಮೈಕ್ ಕಡೆ ಹೆಜ್ಜೆ ಇಟ್ಟೇಬಿಟ್ಟಿದ್ದೆ. ಆಮೇಲೆ ನೆನಪಾಯ್ತು — ಮಕ್ಕಳಿಗೆ ಇಂಗ್ಲಿಷಿನ ‘ದಿನಕ್ಕೊಂದು ಪದ’ ಹೇಳೋದು ಇನ್ನು ನನ್ನದಲ್ಲ. ಇಷ್ಟು ವರ್ಷ ನಾನೇ ಹೇಳಿದ್ದು. ಈಗ ಹೊಸ ಇಂಗ್ಲಿಷ್ ಮಿಸ್ ತಂಜೀಲಾ. ಹೆಡ್‌ಮಾಸ್ಟರ್ ಮುನಿರಾಮಯ್ಯನವರ ಹೊಸ ಹುರುಪು.

ಅವಳ ಮೊದಲ ಪದ: ಡೆವಿಲ್‌ಡಮ್. ಪಿಶಾಚಿಗಳ ರಾಜ್ಯ. ಅವುಗಳ ಆಳ್ವಿಕೆಗೂ ಅದೇ ಪದವಂತೆ. “ಹಳೇ ಪುಸ್ತಕದ್ದು ಮಕ್ಕಳೇ, ಈಗ ಯಾರೂ ಬಳಸಲ್ಲ. ನೀವು ಬಳಸಿ ನೋಡೋಣ” ಅಂದಳು. ಅಷ್ಟೇ ಸಾಕಾಯ್ತು. ಮಧ್ಯಾಹ್ನದೊಳಗೆ ಟಾಯ್ಲೆಟ್ ಡೆವಿಲ್‌ಡಮ್, ಸ್ಕೂಲ್ ವ್ಯಾನ್ ಡೆವಿಲ್‌ಡಮ್. ಒಬ್ಬನಂತೂ, “ಫ್ಯಾಕ್ಟರೀಲಿ ಆ ಸೂಪರ್‌ವೈಸರ್ ಇರೋ ತನಕ ನಮ್ಮಪ್ಪಂಗೆ ಈ ಸೋಂಪುರಾನೇ ಡೆವಿಲ್‌ಡಮ್ ಮಿಸ್!”

ನಾನು ಹೇಳಿಕೊಟ್ಟ ‘ಪಂಕ್ಚುವಲ್’ ಯಾರ ಬಾಯಲ್ಲೂ ಒಂದು ದಿನ ನಿಲ್ಲಲಿಲ್ಲ. ಹೊಟ್ಟೆ ಉರೀತು. ಹೌದು, ಉರೀತು.

ಜುಲೈ 8

ಅಂಥ ಪದ ಇರಲೇಬಾರದು ಅಂದುಕೊಂಡು ಡಿಕ್ಷನರಿ ತೆಗೆದೆ. ಇದೆ. ಹಳೆಯ ಬಳಕೆ ಅಂತಲೂ ಇದೆ. ಹಾಳು ಡಿಕ್ಷನರಿ...

ಜುಲೈ 11, ಶುಕ್ರವಾರ

ಸ್ಟಾಫ್‌ರೂಮಿಗೆ ತಂಜೀಲಾ ನಗುತ್ತಾ ಬಂದಳು. “ಮೇಡಂ, ನಿಮ್ಮ ಮಗಳು ಇವತ್ತು ಬಾಯ್ತಪ್ಪಿ ನನ್ನ ‘ಅಮ್ಮಾ’ ಅಂದ್ಬಿಟ್ಲು! ಕ್ಲಾಸೆಲ್ಲಾ ನಗು.”

ನಾನೂ ನಕ್ಕೆ. ಮೈಯೆಲ್ಲ ಬೆಂಕಿ.

ನನ್ನ ಸಂಘಮಿತ್ರ, ಆರನೇ ಕ್ಲಾಸು. ಸ್ಕೂಲಲ್ಲಿ ನನ್ನನ್ನ ಅಮ್ಮ ಅನ್ನೋ ಹಾಗಿಲ್ಲ. ಟೀಚರ್ ಮಕ್ಕಳೂ ‘ಮಿಸ್’ ಅನ್ನಬೇಕು — ರೂಲ್ಸ್. ಆ ರೂಲ್ಸ್ ತಂದವಳು ನಾನೇ. ನಾನು ಬೇಡ ಅಂದಿದ್ದು ಅವಳಿಗೆ ಪುಕ್ಕಟೆ ಸಿಕ್ಕಿತು.

ಜುಲೈ 23

ಇಷ್ಟು ದಿನ ಬರೆಯಲಿಲ್ಲ. ಮಾಡಿದ್ದು ಬರೆಯೋ ಅಂಥದ್ದಲ್ಲ.

ಹೆಡ್‌ಮಾಸ್ಟರ್ ಹತ್ತಿರ ಹೋಗಿದ್ದೆ. “ದೇವರ ಪ್ರಾರ್ಥನೆ ಮುಗಿಸಿ ದೆವ್ವದ ಮಾತು ಬೇಕಾ ಸಾರ್? ಪೇರೆಂಟ್ಸ್ ಕೇಳ್ತಾರೆ. ಅದೂ... ‘ಅವರು’ ಹೇಳ್ಕೊಟ್ರೆ.” ‘ಅವರು’ ಅನ್ನೋದನ್ನ ಬೇಕಂತಲೇ ಒತ್ತಿ ಹೇಳಿದೆ. ಸಾರ್‌ಗೆ ಅರ್ಥವಾಯ್ತು. “ನಮಗ್ಯಾಕೆ ತಲೆನೋವು ಬಿಡಿ ಬಿಂದುಶ್ರೀ ಮೇಡಂ” ಅಂದರು.

ಇವತ್ತಿಂದ ಮೈಕ್ ನನ್ನದು. ಪದ: ‘ಡಿಸಿಪ್ಲಿನ್’. ತಂಜೀಲಾ ಹಿಂದಿನ ಸಾಲಲ್ಲಿ ನೆಲ ನೋಡುತ್ತಾ ನಿಂತಿದ್ದಳು. ಸಂತೋಷ ಆಗಬೇಕಿತ್ತು. ಸಂಘಮಿತ್ರಾನೂ ತಲೆ ಎತ್ತಲಿಲ್ಲ. ಆವತ್ತು ನಾನು ಸಾರ್ ಹತ್ತಿರ ಮಾತಾಡುವಾಗ, ಅಟೆಂಡೆನ್ಸ್ ಕೊಡೋಕೆ ಬಂದವಳು ಹೆಡ್‌ಮಾಸ್ಟರ್ ಬಾಗಿಲಲ್ಲೇ ಇದ್ದಳು. ಎಲ್ಲಾ ಕೇಳಿಸಿಕೊಂಡಿದ್ದಾಳೆ.

ಜುಲೈ 24, ಸಂಜೆ

ನಿನ್ನೆಯಿಂದ ಸಂಘಮಿತ್ರ ನನ್ನ ಜೊತೆ ಮಾತಾಡ್ತಿಲ್ಲ. ಯಾಕೇ, ಏನಾಯ್ತು ಅಂದೆ.

“ಏನಿಲ್ಲ ಮಿಸ್.”

“ಮನೇಲಿ ಯಾಕೇ ಮಿಸ್ಸು?”

“ಇಲ್ಲೂ ನಿಮ್ದೇ ರೂಲ್ಸ್ ಅಲ್ವಾ.”

‘ನಿಮ್ದೇ’ ಅಂದಳು. ನನ್ನ ಮಗಳು. ಡೆವಿಲ್‌ಡಮ್ ಅನ್ನೋ ಆ ಹಳೇ ಇಂಗ್ಲಿಷ್ ಪದ ಅವಳು ಅನ್ನಲಿಲ್ಲ. ಆದರೂ ನನಗೆ ಕೇಳಿಸಿತು.

ಈಗ ಅಡುಗೆಮನೆಯಿಂದ — “ಮಿಸ್, ಹಾಲು ಉಕ್ತಾ ಇದೆ.”

ಏಳಬೇಕು. ಹೋಗಿ ಅಮ್ಮ ಅನ್ನೇ ಅಂತ ಹೇಳಬೇಕು. ಹೇಳೋದಲ್ಲ, ಕೇಳಿಕೊಳ್ಳಬೇಕು. ಅಲ್ಲ, ಅದಕ್ಕೂ ಮೊದಲು ತಂಜೀಲಾ ಹತ್ತಿರ—