ತಟ್ಟೆಯಲ್ಲಿ ಹನ್ನೊಂದು ಗುಂಡಿ

ರಾಷ್ಟ್ರೀಯ ಫುಟ್‌ಬಾಲ್ ತಂಡದ ಮಾನ್ಯ ಮುಖ್ಯ ತರಬೇತುದಾರರೇ,

ತಮ್ಮ ಆಟದ ಪದ್ಧತಿಯಿಂದಾಗಿ ನನ್ನ ಅಣ್ಣ ಈಗ ನನ್ನ ಮಾತು ನಂಬುವುದಿಲ್ಲ. ತಂಡ ಸೋತಿದ್ದಕ್ಕೆ ತಮ್ಮನ್ನು ಬೈಯಲು ಬೇಕಾದಷ್ಟು ಜನರಿದ್ದಾರೆ, ಆ ಕೆಲಸ ಅವರೇ ಮಾಡಲಿ. ನನ್ನ ದೂರು ಇದೊಂದೇ.

ನಾನು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರಂನಲ್ಲಿದೆ ಎಂದು ಹೇಳುವವಳು. ಹದಿನೆಂಟು ವರ್ಷಗಳಲ್ಲಿ ಒಬ್ಬರನ್ನೂ ತಪ್ಪು ಬಸ್ಸು ಹತ್ತಿಸಿಲ್ಲ. ಅಣ್ಣ ವೆಲ್ಡರ್, ವರ್ಕ್‌ಶಾಪ್ ತಂಡದಲ್ಲಿ ಎಡಬದಿಯಿಂದ ನುಗ್ಗುತ್ತಿದ್ದವನು. ಆರು ವರ್ಷದ ಹಿಂದೆ ಅಪಘಾತವೊಂದರಲ್ಲಿ ಅವನ ದೃಷ್ಟಿ ಹೋಯಿತು. ಬಲಗಣ್ಣಿಗೆ ಒಂಚೂರು ಬೆಳಕು ತಿಳಿಯುತ್ತದೆ, ಅಷ್ಟೇ. ಅಂದಿನಿಂದ ನಾವು ಟಿವಿಯ ದನಿ ಪೂರ್ತಿ ಇಳಿಸಿ ಪಂದ್ಯ ನೋಡುತ್ತೇವೆ. ಅವನ ಮಡಿಲಲ್ಲಿ ಸ್ಟೀಲ್ ತಟ್ಟೆ, ಅದರ ನಡುವೆ ಅವನೇ ಗೀರಿಕೊಂಡ ಗೆರೆ, ಮೇಲೆ ಹತ್ತು ಅಂಗಿಗುಂಡಿ, ಗೋಲಿ ಕಾಯುವವನಿಗೆ ಒಂದು ಕೋಟಿನ ಗುಂಡಿ. ಯಾರು ಎಲ್ಲಿದ್ದಾರೆಂದು ನಾನು ಹೇಳಬೇಕು, ಅವನು ಗುಂಡಿ ಸರಿಸಬೇಕು.

ತಾವು ಅಧಿಕಾರ ವಹಿಸಿಕೊಂಡ ದಿನ "ಎದುರಾಳಿಯ ಅಂಗಳದಲ್ಲೇ ಆಡುತ್ತೇವೆ" ಎಂದಿರಿ. ತಾವೂ ಒಂದು ಕಾಲದಲ್ಲಿ ಎಡಬದಿಯಲ್ಲಿ ಓಡಿದವರಲ್ಲವೇ? "ನಮ್ಮೋನು ಬಂದ ಕಣೇ," ಎಂದ ಅಣ್ಣ. ಅಷ್ಟು ಖುಷಿಯಾಗಿ ಅವನನ್ನು ನಾನು ನೋಡಿ ವರ್ಷಗಳೇ ಆಗಿದ್ದವು.

ಆಮೇಲೆ ತಾವು ಮಾಡಿದ್ದೇನು? ಹಿಂದೆ ಐದು ಜನ, ಅವರ ಮೂಗಿನ ಮುಂದೆ ನಾಲ್ಕು ಜನ, ದೂರದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತ ಒಬ್ಬನೇ ಒಬ್ಬ. ಆ ಪುಣ್ಯಾತ್ಮನಿಗೆ ಮಾತಾಡಲೂ ಎದುರಾಳಿಗಳೇ ಗತಿ.

"ಗುಂಡಿ ಎಲ್ಲ ಒಂದರ ಮೇಲೊಂದು ಹತ್ತುತ್ತಿವೆ. ಸರಿಯಾಗಿ ನೋಡಿ ಹೇಳು," ಎಂದ ಅಣ್ಣ.

"ಸರಿಯಾಗೇ ಹೇಳ್ತಿದೀನಣ್ಣ."

"ಮತ್ತೆ ಮುಂದೆ ಹೋಗೋರು ಯಾರು?"

ಆ ಪ್ರಶ್ನೆಯನ್ನು ತಮಗೇ ಕಳಿಸುತ್ತಿದ್ದೇನೆ. ಕಾದು ಕೂತು ಪ್ರತಿದಾಳಿ ಮಾಡುವುದು ತಪ್ಪೆಂದು ನಾನು ಹೇಳುವುದಿಲ್ಲ. ದುರ್ಬಲ ತಂಡಗಳು ಹಾಗೆ ಆಡಿಯೇ ದೊಡ್ಡವರ ಸೊಕ್ಕು ಮುರಿದಿವೆ. ಆದರೆ ಚೆಂಡು ಸಿಕ್ಕ ಗಳಿಗೆಯಲ್ಲಿ ನಾಲ್ಕು ಜನ ಓಡಬೇಡವೇ? ಕಾಯುವುದನ್ನಷ್ಟೇ ಕಲಿಸಿ, ದಾಳಿಯನ್ನು ಪತ್ರಿಕಾಗೋಷ್ಠಿಗೆ ಮೀಸಲಿಟ್ಟರೆ ಅದಕ್ಕೆ ತಂತ್ರ ಎನ್ನುತ್ತಾರೆಯೇ?

ಮೂರನೇ ಪಂದ್ಯದಲ್ಲಿ ಅರ್ಧ ಗಂಟೆ ಅಣ್ಣನ ಬೆರಳು ಅಲುಗಲಿಲ್ಲ. ನೋಡಲಾಗದೆ ಸುಳ್ಳು ಹೇಳಿದೆ. "ಎಡಗಡೆಯವನು ಗೆರೆ ದಾಟಿದ ಅಣ್ಣ." ಅವನು ನೆಟ್ಟಗೆ ಕೂತ. ಆಮೇಲೆ ನಿಲ್ಲಿಸಲಾಗಲಿಲ್ಲ. ನಾಲ್ಕು ಪಂದ್ಯ ತಮ್ಮ ತಂಡವನ್ನು ನಾನೇ ಆಡಿಸಿದೆ. ತಮಗಿಂತ ಚೆನ್ನಾಗಿಯೇ ಆಡಿಸಿದೆ.

ಕಳೆದ ಭಾನುವಾರ ತಟ್ಟೆಯಲ್ಲಿ ನನ್ನ ಏಳು ಜನ ಎದುರಾಳಿಯ ಅಂಗಳದಲ್ಲಿದ್ದಾಗ, ಟಿವಿಯಲ್ಲಿ ತಮ್ಮ ಹತ್ತು ಜನ ಗೋಲಿನ ಮುಂದೆ ನಿಂತು ಎದುರಾಳಿಗೆ ಕಾರ್ನರ್ ಕೊಟ್ಟರು. ನಾನು ಗಾಬರಿಯಲ್ಲಿ "ಕಾರ್ನರ್, ಅಯ್ಯೋ, ಗೋಲ್ ಬಿಟ್ರು" ಎಂದುಬಿಟ್ಟೆ. ಅಣ್ಣ ತಟ್ಟೆ ಸವರಿದ.

"ಏಳು ಜನ ಅಲ್ಲಿದ್ರಲ್ಲೇ. ಚೆಂಡು ಇಲ್ಲಿಗೆ ಹೇಗೆ ಬಂತು?"

ಅಣ್ಣ ಆ ಏಳು ಗುಂಡಿಗಳನ್ನು ಮತ್ತೊಮ್ಮೆ ಎಣಿಸಿದ.

"ಎಷ್ಟು ಆಟದಿಂದ ಹೀಗೆ?"

"ನಾಲ್ಕು."

ಬೈದಿದ್ದರೆ ಚೆನ್ನಾಗಿತ್ತು. ಮರುದಿನ ಅವನು, ತಿಂಗಳ ಹಿಂದೆ ನಾನು ಓದಿ ಹೇಳಿದ್ದ ಕಣ್ಣಿನ ವರದಿಯನ್ನು ಹಿಡಿದು, ಗೋಡೆ ಸವರಿಕೊಂಡು ಪಕ್ಕದ ಮನೆಗೆ ಹೋದ. ಅಲ್ಲಿ ಕೋರ್ಟಿನಿಂದ ನಿವೃತ್ತರಾದ ಗುಮಾಸ್ತರಿದ್ದಾರೆ. ಅವರ ಕೈಲಿ ಮತ್ತೊಮ್ಮೆ ಓದಿಸಿಕೊಂಡು ಬಂದು, "ನೀನು ಸರಿಯಾಗೇ ಓದಿದ್ದೆ," ಎಂದ. ಅಷ್ಟು ಅವಮಾನ ನನಗೆ ಜೀವಮಾನದಲ್ಲಿ ಆಗಿರಲಿಲ್ಲ.

ನನ್ನ ಸುಳ್ಳಿಗೆ ನಾನೇ ಹೊಣೆ, ಒಪ್ಪುತ್ತೇನೆ. ಆದರೆ ಸ್ವಾಮಿ, ಮೊದಲ ಸುಳ್ಳು ತಮ್ಮದು. ನಾನು ಒಬ್ಬನಿಗೆ ಹೇಳಿದ್ದನ್ನು ತಾವು ಇಡೀ ದೇಶಕ್ಕೆ ಹೇಳಿದಿರಿ, ಅದೂ ನಗುನಗುತ್ತಾ.

ಮುಂದಿನ ಪಂದ್ಯಕ್ಕೆ ಅಣ್ಣನ ಪಕ್ಕದಲ್ಲಿ ಆ ಗುಮಾಸ್ತರು ಕೂರುತ್ತಾರೆ. ಕಂಡದ್ದನ್ನು ಬಿಟ್ಟು ಒಂದಕ್ಷರ ಹೆಚ್ಚು ಹೇಳುವ ಮನುಷ್ಯರಲ್ಲ ಅವರು. ನಾನು ಗೆಲುವು ಕೇಳುತ್ತಿಲ್ಲ. ಒಂದೇ ಒಂದು ಸಲ ಐದು ಜನರನ್ನು ನಡುಗೆರೆ ದಾಟಿಸಿ. ಅಷ್ಟು ಹೇಳುವ ಅವಕಾಶವನ್ನಾದರೂ ಆ ಸತ್ಯವಂತರಿಗೆ ಕೊಡಿ. ನಾನು ಅಡುಗೆಮನೆಯಲ್ಲಿರುತ್ತೇನೆ, ಅಣ್ಣ ನಕ್ಕರೆ ಅಲ್ಲಿಗೆ ಕೇಳಿಸುತ್ತದೆ.

ಇಂತಿ,
ತಮ್ಮ ತಂಡದ ಮಾನ ಉಳಿಸಲು ಹೋಗಿ ತನ್ನದನ್ನು ಕಳೆದುಕೊಂಡ
ಒಬ್ಬ ತಂಗಿ