ಅತ್ತೆಯ ಕೆಮ್ಮಿನ ಔಷಧಿ

ಮನೆಯಿಂದ,
ಮಾರ್ಚ್ ೧೨, ಮಂಗಳವಾರ ಮಧ್ಯಾಹ್ನ

ನನ್ನ ಪ್ರೀತಿಯ ಹಡಗಿನವರಿಗೆ,

ಸೊಂಟನೋವು ಹೇಗಿದೆ? ಎಂಜಿನ್ ಕೋಣೆಯ ಸೆಕೆಯಲ್ಲಿ ಬೆವತು ಸೊರಗಬೇಡಿ, ನೀರು ಕುಡಿಯುತ್ತಿರಿ. ಬೆಲ್ಟ್ ಕಟ್ಟದೆ ಭಾರ ಎತ್ತಿದೆ ಎಂದು ನೀವೇ ಬರೆದಿದ್ದೀರಿ. ಅದಕ್ಕೆ ಬೈಗುಳ ನೀವು ಬಂದ ಮೇಲೆ. ಇಲ್ಲಿ ಅತ್ತೆ ಆರೋಗ್ಯವಾಗಿದ್ದಾರೆ. ಎರಡು ವಾರದ ಹಿಂದೆ ಹಾಗಿರಲಿಲ್ಲ, ಅದಕ್ಕೆ ಕಾರಣ ನಾನು. ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ಕೇಳಿಬಿಡಿ.

ನನಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ಮೇಲೆ ಡಾಕ್ಟರು ಅನ್ನ, ಬ್ರೆಡ್ಡು, ಆಲೂಗಡ್ಡೆ ಎಲ್ಲ ಕಡಿಮೆ ಮಾಡಿ, ಸಿಹಿಯನ್ನಂತೂ ಪೂರ್ತಿ ಬಿಡಿ ಎಂದರಲ್ಲ, ಮೊದಲ ವಾರ ಜಂಬದಿಂದಲೇ ಇದ್ದೆ. ಎರಡನೆಯ ವಾರದಿಂದ ನಾಲಿಗೆ ನನ್ನ ಮಾತು ಕೇಳುವುದನ್ನು ಬಿಟ್ಟಿತು. ಹಲ್ಲಿನ ಆಸ್ಪತ್ರೆಯಲ್ಲಿ ದಿನವಿಡೀ ಎಂಜಲು ಹೀರುವ ಕೊಳವೆ ಹಿಡಿದು ನಿಲ್ಲುವವಳು ನಾನು. ಸಕ್ಕರೆ ಏನು ಮಾಡುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಒಂದು ದಿನ ಒಬ್ಬ ಹೆಂಗಸು ಬಾಯಿ ತೆರೆದಾಗ ಹುಳುಕು ದವಡೆಹಲ್ಲಿನ ನಾತದ ಜೊತೆ ಮಿಠಾಯಿಯ ವಾಸನೆ ಬಂತು. ನನ್ನ ಬಾಯಲ್ಲಿ ನೀರೂರಿತು. ಥೂ! ಕೀವು ತುಂಬಿದ ಬಾಯಿ ನೋಡಿ ಜೊಲ್ಲು ಸುರಿಸಿದವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಕೈಗವಸು ಕಿತ್ತೆಸೆದು ಹೊರಗೆ ಹೋಗಿ ಓಕರಿಸಿದೆ.

ಆ ಸಂಜೆಯೇ ಶುರುವಾಯಿತು. ಸಕ್ಕರೆ ಡಬ್ಬವನ್ನು ನಾನೇ ಪಕ್ಕದ ಮನೆಗೆ ಕೊಟ್ಟುಬಿಟ್ಟಿದ್ದೆ. ಅತ್ತೆಯ ಮಂಚದ ಪಕ್ಕದಲ್ಲಿ ಕೆಮ್ಮಿನ ಔಷಧಿಯ ಬಾಟಲಿ ಕಂಡಿತು. ಒಂದು ಮುಚ್ಚಳ ಕುಡಿದೆ. ಮಾರನೆಯ ದಿನ ಎರಡು. ಅರ್ಧ ಬಾಟಲಿ ಖಾಲಿಯಾದಾಗ ಗೊತ್ತಾಗಬಾರದೆಂದು ನಲ್ಲಿ ನೀರು ತುಂಬಿಸಿಟ್ಟೆ. ಪಾಪ, ಅವರು ಆ ನೀರನ್ನೇ ಕುಡಿದು, ಕೆಮ್ಮಿ ಕೆಮ್ಮಿ ಪಕ್ಕೆ ಹಿಡಿದುಕೊಂಡು ಕುಳಿತರು. "ಔಷಧಿ ಮಾಡೋರಿಗೂ ನಿಯತ್ತಿಲ್ಲ ನೋಡು" ಎಂದು ಬೈದರು. ನಾನು ಬೆನ್ನು ನೀವುತ್ತಾ "ಹೂಂ ಅತ್ತೆ, ಕಾಲ ಕೆಟ್ಟೋಯ್ತು" ಎಂದೆ. ಆ ಕೈಯನ್ನು ನೋಡಿದರೆ ಈಗಲೂ ಹೇಸಿಗೆಯಾಗುತ್ತದೆ.

ಆ ಶನಿವಾರ ಅವರು ಹೊಸ ಬಾಟಲಿ ತರಿಸಿದರು. ಅದನ್ನೂ ಬಿಡಲಿಲ್ಲ ನಾನು. ಬಾಯಿಗಿಟ್ಟಿರುವಾಗಲೇ ಬಾಗಿಲಲ್ಲಿ ಅತ್ತೆ! ನನ್ನ ಗಲ್ಲದ ಮೇಲೆ ಕೆಂಪು ಪಾಕ ಇಳಿಯುತ್ತಿತ್ತು. ನೀರು ಬೆರೆಸಿದ್ದನ್ನೂ ಅಳುತ್ತಾ ಒಪ್ಪಿಕೊಂಡೆ. ಅವರು ನನ್ನ ಕೈಯಿಂದ ಬಾಟಲಿ ಕಿತ್ತುಕೊಂಡರು. "ಮೊದ್ಲು ಬಾಯಿ ತೊಳ್ಕೊ, ನೋಡೋಕಾಗ್ತಿಲ್ಲ" ಎಂದರು. ಆಮೇಲೆ, "ಮಧ್ಯಾಹ್ನ ಏನ್ ತಿಂದೆ?" ನಾನು ಏನೂ ತಿಂದಿರಲಿಲ್ಲ. ಅನ್ನ ಬಿಟ್ಟ ಮೇಲೆ ಬೇರೇನು ತಿನ್ನಬೇಕೆಂದು ತೋಚದೆ ಊಟವನ್ನೇ ಬಿಟ್ಟಿದ್ದೆ. "ಹೊಟ್ಟೆ ಖಾಲಿ ಇಟ್ಕೊಂಡು ನಾಲಿಗೆಗೆ ಬುದ್ಧಿ ಹೇಳಿದ್ರೆ ಅದು ಕೇಳುತ್ತಾ?" ಎಂದು ಗದರಿದರು. ಆಮೇಲೆ ಡಾಕ್ಟರನ್ನು ಕೇಳಿದೆ, ಅವರೂ ಅದನ್ನೇ ಹೇಳಿದರು. ಔಷಧಿ ಕುಡಿದದ್ದಕ್ಕೆ ಬೇರೆಯಾಗಿ ಬೈದರು.

ಈಗ ನನ್ನ ಡಬ್ಬಿಗೆ ಬೇಯಿಸಿದ ಎರಡು ಮೊಟ್ಟೆ, ಸೊಪ್ಪು, ಒಂದು ಹಿಡಿ ಕಡಲೆಕಾಯಿ ತುಂಬುವವರು ಅತ್ತೆ. ಸಂಜೆ ಚಪಲ ಕೆರಳಿದರೆ ಅವರ ತೋಳು ಹಿಡಿದು ಬೀದಿಯ ತುದಿಯವರೆಗೆ ನಡೆದು ಬರುತ್ತೇನೆ. ಅಷ್ಟರಲ್ಲಿ ಅದು ಅರ್ಧ ಸತ್ತಿರುತ್ತದೆ. ಇನ್ನರ್ಧ ಸಾಯುವುದಿಲ್ಲ, ನಿಮ್ಮ ಹತ್ತಿರ ಸುಳ್ಳೇಕೆ? ನಿನ್ನೆ ಹಲ್ಲುಜ್ಜುವಾಗ ಪೇಸ್ಟಿನ ಸಿಹಿಯನ್ನು ಚಪ್ಪರಿಸಿದೆ. ಕನ್ನಡಿಯಲ್ಲಿ ಮುಖ ನೋಡಿ ಅಲ್ಲೇ ಉಗುಳಿದೆ.

ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ, ಅವರ ಕೆಮ್ಮು ಪೂರ್ತಿ ನಿಂತಿದೆ.

ನಿಮ್ಮ ದಾರಿ ನೋಡುತ್ತಿರುವ,
ನೀವು ರೇಗಿಸುವ ಹಲ್ಲಮ್ಮ

ಮತ್ತೆ: ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಬರೆಯಲು ಕೈ ಬರಲಿಲ್ಲ. ಕಣ್ಣಿನ ಡಾಕ್ಟರು ನೋಡಿದರು, ನನ್ನ ಎಡಗಣ್ಣಿನೊಳಗೆ ರಕ್ತ ಜಿನುಗಿದೆಯಂತೆ, ಸಕ್ಕರೆ ಕಾಯಿಲೆಯಿಂದಲೇ. ಮುಂದಿನ ತಿಂಗಳು ಇಪ್ಪತ್ತಕ್ಕೆ ಲೇಸರ್ ಚಿಕಿತ್ಸೆ. ಅತ್ತೆಗೆ ಇನ್ನೂ ಹೇಳಿಲ್ಲ. ರಜೆ ಕೇಳಿ ನೋಡಿ. ನನಗೆ ಹೆದರಿಕೆಯಾಗುತ್ತಿದೆ ರೀ.